ಮೂವರ ಹಾಡು, ನಾಲ್ವರ ಮರಣ

ಶೋಕವು ಶ್ಲೋಕವಾದ ಕಥೆಯನ್ನು ಅರಿಯದವರಾರು? ಆದರೆ ಕ್ರೌಂಚದ ಮರಣಕ್ಕೆ ಮರುಗಿದ ಮುನಿಯು ತನ್ನ ಶ್ಲೋಕವನ್ನು ಮಾರಲಿಲ್ಲ. ಹಾಡು ವಿಕ್ರಯದ ವಸ್ತುವಾದ ಕಾಲದಲ್ಲಿ, ಪರರ ಮರಣವನ್ನು ಹಾಡುವವನ ದುಃಖವು ನಿಜವಾದುದೇ ಎಂಬ ಸಂದೇಹ ಏಳುವುದು ಸಹಜ. ಅಮೆರಿಕದ ರಾಕ್ ಅಂಡ್ ರೋಲ್ ಸಂಗೀತದ ಚರಿತ್ರೆಯಲ್ಲಿ ಇದಕ್ಕೆ ತಕ್ಕ ನಿದರ್ಶನವೊಂದುಂಟು.

1959ನೆಯ ಇಸವಿ ಫೆಬ್ರವರಿ 3ರಂದು, ನಡುರಾತ್ರಿ ಕಳೆದ ಮೇಲೆ, ಅಯೋವಾ ಸಂಸ್ಥಾನದ ಕ್ಲಿಯರ್ ಲೇಕ್ ಊರಿನ ಸಮೀಪದ ಹೊಲದಲ್ಲಿ ಸಣ್ಣ ವಿಮಾನವೊಂದು ಬಿದ್ದಿತು. ಬಡ್ಡಿ ಹಾಲಿಗೆ 22 ವರ್ಷ, ರಿಚೀ ವ್ಯಾಲೆನ್ಸನಿಗೆ 17, ಜೆ. ಪಿ. ರಿಚರ್ಡ್‌ಸನ್ನನಿಗೆ 28, ಮೂವರೂ ಗಾಯಕರು. ವಿಮಾನ ನಡೆಸಿದ ರೋಜರ್ ಪೀಟರ್ಸನ್ನನಿಗೆ 21. ಕೊರೆಯುವ ಚಳಿಯಲ್ಲಿ ಬಸ್ಸಿನ ಪ್ರಯಾಣದಿಂದ ಬೇಸತ್ತು ಗಾಯಕರು ವಿಮಾನವನ್ನು ಗೊತ್ತುಮಾಡಿದ್ದರು. ರಿಚರ್ಡ್‌ಸನ್ನನು ಅಸ್ವಸ್ಥನಾಗಿದ್ದುದರಿಂದ ವೇಲನ್ ಜೆನಿಂಗ್ಸ್ ಎಂಬ ವಾದಕನು ತನ್ನ ಸ್ಥಳವನ್ನು ಅವನಿಗೆ ಬಿಟ್ಟುಕೊಟ್ಟನು. ದಾಕ್ಷಿಣ್ಯವೇ ಒಬ್ಬನನ್ನು ಉಳಿಸಿ ಮತ್ತೊಬ್ಬನನ್ನು ಕೊಂದಿತು. ಇದಕ್ಕೆ ವಿಧಿಯೆಂದು ಹೆಸರಿಡುವುದು ಸುಲಭ. ಬದುಕಿದವನಿಗೆ ಆ ಹೆಸರಿನಿಂದ ಸಮಾಧಾನ ದೊರೆಯುವುದೇ?

ಅದೇ ವರ್ಷ ಟಾಮಿ ಡೀ ಎಂಬವನು ರಚಿಸಿದ ‘ಥ್ರೀ ಸ್ಟಾರ್ಸ್’ ಎಂಬ ಹಾಡು ಹೊರಬಂದು ಜನಪ್ರಿಯವಾಯಿತು. ವಿಕ್ರಯದ ಆಕ್ಷೇಪ ಇದಕ್ಕೆ ತಗಲದಿರದು. ಆದರೆ ಅದನ್ನೇ ಎಡ್ಡಿ ಕಾಕ್ರನ್ನನೂ ಹಾಡಿ ಮುದ್ರಿಸಿದನು. ಅವನು ಮೃತರ ಸ್ನೇಹಿತ. ಅವನ ಧ್ವನಿ ನಡುನಡುವೆ ಕುಸಿಯುವುದನ್ನು ಇಂದಿಗೂ ಕೇಳಬಹುದು. ಆ ಮುದ್ರಿಕೆ ಅವನ ಜೀವಿತಕಾಲದಲ್ಲಿ ಮಾರಾಟಕ್ಕೆ ಬರಲಿಲ್ಲ. 1960ರ ಏಪ್ರಿಲಿನಲ್ಲಿ ಇಂಗ್ಲೆಂಡಿನಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ಅವನೂ ತೀರಿಕೊಂಡನು; ವಯಸ್ಸು 21. ಹಾಡು ಒಂದೇ, ಆದುದರಿಂದ ದುಃಖದ ಸಾಚಾತನವನ್ನು ಅಂಗಡಿಯ ಲೆಕ್ಕದಿಂದ ಅಳೆಯಲಾಗದು.

ಡಾನ್ ಮ್ಯಾಕ್ಲೀನನ ‘ಅಮೆರಿಕನ್ ಪೈ’ 1971ರದು. ದುರಂತದ ಕಾಲದಲ್ಲಿ ಅವನು ಪತ್ರಿಕೆ ಹಂಚುತ್ತಿದ್ದ 13 ವರ್ಷದ ಬಾಲಕ. ಎಂಟು ನಿಮಿಷಗಳನ್ನೂ ಮೀರಿದ ಆ ಹಾಡು ಮೃತರಾರನ್ನೂ ಹೆಸರಿಸದೆ ಒಂದು ಕಾಲವೇ ಕಳೆದುಹೋದುದಕ್ಕಾಗಿ ಮರುಗುತ್ತದೆ. ಸ್ವಂತ ಶೋಕವು ಹಣ್ಣಾಗಿ ಕರುಣರಸವಾಗಲು ಹನ್ನೆರಡು ವರ್ಷ ಬೇಕಾಯಿತೆಂದರೆ ಆಲಂಕಾರಿಕರು ಒಪ್ಪಿಯಾರು.

ನಾಲ್ಕನೆಯವನ ಮಾತೇನು? ಉಪಕರಣಗಳನ್ನೇ ನಂಬಿ ಹಾರಿಸುವ ಯೋಗ್ಯತೆ ಅವನಿಗಿರಲಿಲ್ಲವೆಂದೂ, ಅಂಥ ಹವೆಯಲ್ಲಿ ಹೊರಟುದು ತಪ್ಪೆಂದೂ ಸರಕಾರದ ತನಿಖೆ ನಿರ್ಣಯಿಸಿತು. ತಾರೆಗಳ ಸಂಖ್ಯೆ ಮೂರೇ ಆಯಿತು. ತಪ್ಪಿತಸ್ಥನಿಗಾಗಿ ಅಳಬಾರದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ, ಅವನಿಗೂ ಪತ್ನಿಯಿದ್ದಳು. 1988ರಲ್ಲಿ ಆ ಹೊಲದಲ್ಲಿ ಉಕ್ಕಿನ ಗಿಟಾರೂ ಮೂರು ಗಾನಮುದ್ರಿಕೆಗಳ ಪ್ರತಿಕೃತಿಯೂ ನಿಂತವು. ಪೀಟರ್ಸನ್ನನ ನೆನಪಿಗೆ ಅಲ್ಲೊಂದು ಗುರುತು ಸ್ಥಾಪಿತವಾದುದು 2009ರಲ್ಲಿ.