ಕಪ್ಪೆಗೆ ತಕ್ಕ ಕೋಲು

ನವೆಂಬರ್ ತಿಂಗಳ ಒಂದು ಶನಿವಾರ ಎದುರು ಬೀದಿಯ ಹುಡುಗ ನಮ್ಮ ಗ್ಯಾರೇಜಿಗೆ ಬಂದವನೇ ಮುಷ್ಟಿ ಬಿಚ್ಚಿ ತೋರಿಸಿದ. ಅಂಗೈ ಮೇಲೊಂದು ಹಸಿರು ರಬ್ಬರ್ ಕಪ್ಪೆ. ಹೊಟ್ಟೆ ಟೊಳ್ಳು, ಹಿಂಗಾಲುಗಳ ಜಾಗದಲ್ಲಿ ರಬ್ಬರ್ ಎಳೆಗಳ ಎರಡು ಕುಚ್ಚು, ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿ ಕೂತ ಎರಡು ಗಾಳದ ಕೊಕ್ಕೆ. ಒತ್ತಿದರೆ ಹೊಟ್ಟೆ ಒಳಕ್ಕೆ ಹೋಗಿ ಕೊಕ್ಕೆಗಳು ಹೊರಗೆ ಇಣುಕುತ್ತವೆ, ಬಿಟ್ಟರೆ ಮತ್ತೆ ಸಾಧು ಕಪ್ಪೆ.

"ಅಣ್ಣಾ, ಇದಕ್ಕೆ ಯಾವ ರಾಡ್ ತಗೊಳ್ಲಿ? ನೂರು ಡಾಲರ್ ದಾಟಿದ್ರೆ ಮನೇಲಿ ನನ್ನನ್ನೇ ಗಾಳಕ್ಕೆ ಸಿಗಿಸ್ತಾಳೆ," ಅಂದ.

ದಾವಣಗೆರೆಯ ಹುಡುಗ. ಅಲ್ಲಿದ್ದಾಗ ಬೆಣ್ಣೆದೋಸೆ ಬಿಟ್ಟು ಬೇರೇನನ್ನೂ ಬೇಟೆಯಾಡಿದವನಲ್ಲ. ಆಸ್ಟ್ರೇಲಿಯಾದ ಪಾಯಿಂಟ್ ಕುಕ್‌ಗೆ ಬಂದು ಎರಡು ವರ್ಷಕ್ಕೆ ಮೀನಿನ ಹುಚ್ಚು ಹಿಡಿದಿದೆ. ನನಗೂ ಹಿಡಿದದ್ದು ಹೀಗೆಯೇ. ಬಂದ ಹೊಸದರಲ್ಲಿ ಅಂಗಡಿಯಲ್ಲಿದ್ದ ಕೋಲುಗಳಲ್ಲೆಲ್ಲ ತೆಳ್ಳಗಿನ, ಹಗುರವಾದ, ನವಿಲುಗರಿಯಂತೆ ಮಿನುಗುವ ಕಾರ್ಬನ್ ಕೋಲೊಂದಕ್ಕೆ ಅರ್ಧ ವಾರದ ಸಂಬಳ ಸುರಿದಿದ್ದೆ. ಮೂರನೇ ಸಲ ಹೊರಟಾಗ ಕಾರಿನ ಡಿಕ್ಕಿ ಹಾಕಿದೆ, 'ಟಕ್' ಅಂತು. ತುದಿಯ ಒಂದು ಗೇಣು ಡಿಕ್ಕಿಯ ಹೊರಗೆ ಬಿದ್ದಿತ್ತು. ಮೀನಿಗಿಂತ ಕಾರಿನ ಬಾಗಿಲು ಮುರಿದ ಕೋಲುಗಳೇ ಹೆಚ್ಚು ಎಂದು ಆಮೇಲೆ ಹಳಬರು ಹೇಳಿದರು. ಸಮಾಧಾನವಂತೂ ಆಗಲಿಲ್ಲ.

ಆವತ್ತು ನೆನಪಾದದ್ದು ತಾತ. ಮದ್ದೂರು ಸೀಮೆಯ ನಮ್ಮೂರ ಕೆರೆಯಲ್ಲಿ ತಾವರೆ ಎಲೆ, ಜೊಂಡು, ಅಂತರಗಂಗೆ ಹೆಣೆದುಕೊಂಡ ಮೂಲೆಯೊಂದಿತ್ತು. ಅಲ್ಲಿ ಕೊರವ ಮೀನು ಇರುತ್ತಿತ್ತು. ಹಾವಿನ ತಲೆಯ ಆ ಮೀನು ನೀರಿನ ಮೇಲಕ್ಕೆ ಬಂದು ಗಾಳಿ ಕುಡಿದು ಹೋಗುತ್ತದೆ. ಮರಿಗಳಾದಾಗ ಅವುಗಳ ಕೆಂಪು ಗುಂಪಿನ ಕೆಳಗೇ ಕಾವಲು ನಿಂತು, ಮೇಲೆ ಸುಳಿದ ಕಪ್ಪೆಯ ಮೇಲೆ ಕಲ್ಲು ಬಿದ್ದಂತೆ ಎರಗುತ್ತದೆ. ಎರೆಹುಳು, ಬೆಂಡು ಇವೆಲ್ಲ ಜಿಲೇಬಿ ಮೀನಿಗೆ. ಕೊರವನಿಗೆ ಕಪ್ಪೆಯೇ ಬೇಕು, ಅದೂ ಜೀವ ಇರುವುದು. ಇವತ್ತು ಅದನ್ನು ನೆನೆದರೆ ಮೈ ಜುಂ ಅನ್ನುತ್ತದೆ, ಆಗ ಅನ್ನುತ್ತಿರಲಿಲ್ಲ.

ತಾತ ಕೋಲು ಆರಿಸುವುದನ್ನು ನೋಡಬೇಕಿತ್ತು. ಬಿದಿರು ಮೆಳೆಯ ಮುಂದೆ ಹೆಣ್ಣು ನೋಡಲು ಬಂದವರಂತೆ ಅರ್ಧ ಗಂಟೆ ನಿಲ್ಲುತ್ತಿದ್ದರು. ಒಳಗೆ ಟೊಳ್ಳು ಕಡಿಮೆಯಿರುವ ಗಂಡು ಬಿದಿರೇ ಆಗಬೇಕು. ಗಣ್ಣುಗಳು ಬುಡದಲ್ಲಿ ಒತ್ತೊತ್ತಾಗಿ, ಮೇಲೆ ಹೋದಂತೆ ದೂರ ದೂರ ಇರಬೇಕು. ಕಡಿದು, ಎಲೆ ಸವರಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಕಟ್ಟಿ ತಿಂಗಳುಗಟ್ಟಲೆ ಮರೆತುಬಿಡುವುದು. ಇಳಿಸಿದ ಮೇಲೆ ಬುಡವನ್ನು ಕಂಕುಳಿಗೆ ಒತ್ತಿಕೊಂಡು ತುದಿಯನ್ನು ನನ್ನ ಕೈಗೆ ಕೊಟ್ಟು "ಎಳಿಯಲಾ" ಅನ್ನುತ್ತಿದ್ದರು. ಎಳೆದರೆ ತುದಿ ಬಳುಕುತ್ತಿತ್ತು, ನಡು ಒಂದಿಷ್ಟು ಬಾಗುತ್ತಿತ್ತು, ಬುಡ ಅಲುಗುತ್ತಿರಲಿಲ್ಲ.

"ಮೀನ ಎಳಿಯೋದು ಬುಡ ಕಣ್ಲಾ. ತುದಿ ಬರೀ ಮಾತಾಡುಸ್ತದೆ."

ಈಗ ಅಂಗಡಿಯವರು ಬಾಯಿ ತುಂಬ ಹೇಳುವ 'ಫಾಸ್ಟ್ ಆಕ್ಷನ್' ಎಂದರೆ ಇಷ್ಟೇ. ಕೋಲು ತುದಿಯ ಭಾಗದಲ್ಲಿ ಮಾತ್ರ ಬಾಗಿ, ಕೆಳಗಿನದು ಗಟ್ಟಿಯಾಗಿ ನಿಲ್ಲಬೇಕು. ಹಾಗೆ ನೋಡಿದರೆ ಬಿದಿರಿಗೂ ಅಂಗಡಿಯ ಕೋಲಿಗೂ ನಂಟು ಹಳೆಯದೇ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡು, ಅಮೆರಿಕದ ಕುಶಲಿಗಳು ಬಿದಿರನ್ನು ಉದ್ದುದ್ದ ಸೀಳಿ, ಆರು ಸೀಳನ್ನು ಅಂಟಿಸಿ ಆರು ಮೂಲೆಯ ಗಾಳದ ಕೋಲು ಮಾಡುತ್ತಿದ್ದರು. ಆ ಬಿದಿರು ನಮ್ಮ ದೇಶದಿಂದ ಹಡಗೇರಿ 'ಕಲ್ಕತ್ತಾ ಕೇನ್' ಎಂಬ ಹೆಸರಲ್ಲಿ ಹೋಗುತ್ತಿತ್ತು. ಮುಂದೆ ಚೀನಾದ ಟಾಂಕಿನ್ ಬಿದಿರು ಅದರ ಜಾಗ ಹಿಡಿಯಿತು. ಎರಡನೇ ಮಹಾಯುದ್ಧದ ನಂತರ ಗಾಜಿನ ನಾರು, 1970ರ ದಶಕದಲ್ಲಿ ಕಾರ್ಬನ್. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಾಗ ಕಾರ್ಬನ್ ಕೋಲು ಎಂಬುದೇ ಹುಟ್ಟಿರಲಿಲ್ಲ. ಹುಡುಗನಿಗೆ ಇದನ್ನು ಹೇಳಿದೆ. "ಅಣ್ಣಾ, ಆಗ ಕಾರಿನ ಡಿಕ್ಕಿಯೂ ಇಷ್ಟು ಜೋರಾಗಿ ಮುಚ್ಚುತ್ತಿರಲಿಲ್ಲ ಬಿಡಿ," ಅಂದ. ಚುರುಕಾಗಿದ್ದಾನೆ.

ಕಪ್ಪೆಗೆ ಬೇರೆಯದೇ ಕೋಲು ಯಾಕೆ ಎಂಬುದನ್ನು ನೀರಿನ ಮೇಲಿನ ಸೊಪ್ಪು ಹೇಳುತ್ತದೆ. ಬೇರೆ ಗಾಳಗಳೆಲ್ಲ ಸಿಕ್ಕಿಹಾಕಿಕೊಳ್ಳುವ ಜಾಗದಲ್ಲಿ ಈ ಕಪ್ಪೆ ಜಾರಿ ಹೋಗುತ್ತದೆ, ಅದರ ಕೊಕ್ಕೆ ಬೆನ್ನಿಗೆ ಅಡಗಿರುವುದು ಅದಕ್ಕೇ. ಆದರೆ ಮೀನು ಕಚ್ಚಿದ ಮರುಗಳಿಗೆ ಸೊಪ್ಪಿನ ಬುಡಕ್ಕೆ ನುಗ್ಗುತ್ತದೆ. ಆಗ ನೀವು ಎಳೆಯುವುದು ಮೀನನ್ನಷ್ಟೇ ಅಲ್ಲ, ಅದರ ಜೊತೆಗೆ ಒಂದು ಹೊರೆ ಹಸಿ ಹುಲ್ಲನ್ನು. ಅದಕ್ಕೆಂದೇ ದಾರವೂ ದಪ್ಪ, 50 ಪೌಂಡಿನ ಹೆಣೆದ ಬ್ರೇಡ್. ನೈಲಾನ್ ಎಳೆದರೆ ಕೊಂಚ ಹಿಗ್ಗುತ್ತದೆ, ಬ್ರೇಡ್ ಹಿಗ್ಗುವುದಿಲ್ಲ. ಜಗ್ಗಾಟದ ಏಟೆಲ್ಲ ನೇರ ಕೋಲಿಗೇ. ತೆಳ್ಳಗಿನ ದುಬಾರಿ ಕೋಲು ಇಲ್ಲಿ ಸೋಲುತ್ತದೆ. ಒಂದಿಷ್ಟು ಗಾಜಿನ ನಾರು ಬೆರೆಸಿದ, ಕೈಗೆ ಸ್ವಲ್ಪ ಭಾರ ಎನಿಸುವ ಅಗ್ಗದ ಕೋಲು ಗೆಲ್ಲುತ್ತದೆ. ದುಡ್ಡು ಕಡಿಮೆ ಕೊಟ್ಟದ್ದಕ್ಕೆ ಹೆಚ್ಚು ಬಾಳಿಕೆ ಸಿಗುವ ವ್ಯವಹಾರ ಈ ಊರಲ್ಲಿ ನನಗೆ ಕಂಡದ್ದು ಇದೊಂದೇ; ಮನೆ ಬಾಡಿಗೆಯಲ್ಲಿ ಹಾಗಾಗುವುದಿಲ್ಲ.

ಇಬ್ಬರೂ ಅಂಗಡಿಗೆ ಹೋದೆವು. ಹುಡುಗ ಬೆಲೆಯ ಚೀಟಿ ನೋಡುತ್ತಿದ್ದ, ನಾನು ಹಿಡಿಕೆಯ ಮೇಲಿನ ಬರಹ ನೋಡುತ್ತಿದ್ದೆ. ಅಲ್ಲಿ ಎಷ್ಟು ಗ್ರಾಂನ ಗಾಳ ಎಸೆಯಬಹುದು, ಎಷ್ಟು ಬಲದ ದಾರ ಹಾಕಬಹುದು ಎಂದು ಸಣ್ಣಕ್ಷರದಲ್ಲಿರುತ್ತದೆ. ಆಸ್ಟ್ರೇಲಿಯಾದ ಕೋಲುಗಳಲ್ಲಿ ಕಿಲೋ, ಅಮೆರಿಕದವುಗಳಲ್ಲಿ ಪೌಂಡು. ಅವನ ಕಪ್ಪೆ 15 ಗ್ರಾಂ ಆಸುಪಾಸು. ಐದರಿಂದ ಹದಿನೈದು ಎಂದು ಬರೆದಿದ್ದರೆ ಕೈಬಿಡಬೇಕು, ಅಲ್ಲಿ ಕಪ್ಪೆ ಅಂಚಿನಲ್ಲಿ ಕೂತಿರುತ್ತದೆ. ಹತ್ತರಿಂದ ಮೂವತ್ತು ಎಂದಿದ್ದರೆ ನಡುವೆ ಬರುತ್ತದೆ. ಉದ್ದ 7 ಅಡಿ, 'ಮೀಡಿಯಂ ಹೆವಿ'. 'ಹೆವಿ' ಎಂದಿರುವುದೂ ಆದೀತು, ಆದರೆ ತುದಿ ಕಬ್ಬಿಣದ ಸಲಾಕೆಯಂತಿದ್ದರೆ ಕಪ್ಪೆ ನಡೆಯುವುದಿಲ್ಲ. ತುದಿಯನ್ನು ನೀರಿನ ಕಡೆ ಇಳಿಸಿ, ದಾರ ಸಡಿಲ ಬಿಟ್ಟು ಬಿಟ್ಟು ಸಣ್ಣಗೆ ಜಗ್ಗಿದರೆ ಕಪ್ಪೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂತಿ ತಿರುಗಿಸುತ್ತ ಬರಬೇಕು. ಮಾತಾಡಿಸುವ ಕೆಲಸ ತುದಿಯದು ಎಂದು ತಾತ ಹೇಳಿದ್ದು ಇದನ್ನೇ.

ಅಗ್ಗದ ಕೋಲು ಕೈಕೊಡುವುದು ಹೆಚ್ಚಾಗಿ ಕೋಲಿನಲ್ಲಿ ಅಲ್ಲ, ಉಂಗುರಗಳಲ್ಲಿ. ದಾರ ಹಾದುಹೋಗುವ ಆ ಉಂಗುರಗಳ ಒಳಗೆ ನುಣುಪಾದ ಪಿಂಗಾಣಿ ಬಳೆ ಇರುತ್ತದೆ. ಅದು ಬಿರುಕು ಬಿಟ್ಟಿದ್ದರೆ ಬ್ರೇಡ್ ದಾರ ಒಂದೇ ದಿನದಲ್ಲಿ ನೂಲು ನೂಲಾಗುತ್ತದೆ. ಜೇಬಿನಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿ ಇಟ್ಟುಕೊಂಡು ಹೋಗಿದ್ದೆ. ಒಂದೊಂದು ಉಂಗುರದ ಒಳಗೂ ಸುತ್ತ ಆಡಿಸಿದೆ. ಬಿರುಕಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಮೊದಲನೆಯ ಕೋಲಿನ ನಾಲ್ಕನೇ ಉಂಗುರದಲ್ಲಿ ಸಿಕ್ಕಿಕೊಂಡಿತು. ಅಂಗಡಿಯ ಹುಡುಗಿ ನನ್ನನ್ನು ಒಂದು ಥರ ನೋಡಿದಳು. ಎರಡನೆಯದರಲ್ಲಿ ಹತ್ತಿ ನುಣ್ಣಗೆ ತಿರುಗಿತು. ಅದರ ಹಿಂಭಾಗಕ್ಕೆ ಕಣ್ಣಿಟ್ಟು, ಬಡಗಿ ಹಲಗೆಯ ನೇರ ನೋಡುವಂತೆ ನೋಡಿದೆ. ಉಂಗುರಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಕೊನೆಗೆ ಬುಡವನ್ನು ಕಂಕುಳಿಗೆ ಒತ್ತಿಕೊಂಡು ತುದಿಯನ್ನು ಹುಡುಗನ ಕೈಗೆ ಕೊಟ್ಟೆ. ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಎಳಿ," ಅಂದೆ.

79 ಡಾಲರ್. ಎರಡು ತುಂಡಿನದು, ನಡುವೆ ಜೋಡಿಸುವಂಥದು. ಒಂದೇ ತುಂಡಿನದು ಮೇಲು ಎನ್ನುವವರು ಇದ್ದಾರೆ. ಅವರ ಕಾರು ದೊಡ್ಡದಿರುತ್ತದೆ. ಕೋಲಿನ ಮೇಲೆ ಕೂರುವ ಬೈಟ್‌ಕಾಸ್ಟರ್ ರೀಲನ್ನೇ ತೆಗೆದುಕೊಳ್ಳುತ್ತೇನೆಂದು ಹಟ ಮಾಡಿದ. ಬೇಡ ಅಂದೆ. ಹೊಸಬರ ಕೈಯಲ್ಲಿ ಅದರ ದಾರ ಸಿಕ್ಕಾಗಿ, ಬಿಡಿಸುವುದರಲ್ಲೇ ಸಂಜೆ ಮುಗಿಯುತ್ತದೆ. ಕೆಳಗೆ ತೂಗುವ ಸ್ಪಿನ್ನಿಂಗ್ ರೀಲಿನಲ್ಲೂ ಕಪ್ಪೆ ಚೆನ್ನಾಗಿ ಹಾರುತ್ತದೆ, ಮನೆಯಲ್ಲಿ ಹಳೆಯದೊಂದು ಇತ್ತು, ಕೊಟ್ಟೆ. ಹೀಗೆ ನೂರು ಡಾಲರ್ ಗಡಿ ಉಳಿಯಿತು.

ಕೋಲು ಬಂತು, ಕೆರೆ ಎಲ್ಲಿ? ನಮ್ಮ ಮನೆಗಳ ಹಿಂದಿನ ಸಮುದ್ರದಂಡೆ 2002ರಿಂದ ಸಾಗರ ಅಭಯಧಾಮ. ಮೀನಿರಲಿ, ಚಿಪ್ಪೂ ಎತ್ತುವಂತಿಲ್ಲ. ಸ್ಕೆಲೆಟನ್ ಕ್ರೀಕ್, ವೆರಿಬಿ ನದಿಯ ಬಾಯಿಯಲ್ಲಿ ಬ್ರೀಮ್ ಮೀನಿದೆ, ಅದರ ಬಾಯಿಗೆ ಈ ಕಪ್ಪೆ ದೊಡ್ಡ ತುತ್ತು. ಸಿಡ್ನಿಯಲ್ಲಿರುವ ಗೆಳೆಯರು ಹಾಕ್ಸ್‌ಬರಿ, ನೇಪಿಯನ್ ಕಡೆ ಬ್ಯಾಸ್ ಮೀನಿಗೆ ಸಣ್ಣ ಕಪ್ಪೆ, ಜೀರುಂಡೆ ಎಸೆಯುತ್ತಾರೆ, ಅದಕ್ಕೆ ಇದಕ್ಕಿಂತ ಎಳಸು ಕೋಲು ಸಾಕು. ಕೊರವನಂತೂ ಈ ದೇಶದಲ್ಲಿ ಇಲ್ಲ. ಇರಬಾರದೆಂದು ಕಾನೂನೇ ಇದೆ, ಹಾನಿಕಾರಕ ಮೀನುಗಳ ಪಟ್ಟಿಯಲ್ಲಿ ಅದರ ಕುಲವೇ ಸೇರಿದೆ. ಅದರ ಬದಲಿಗೆ ಇಲ್ಲಿ ಕಪ್ಪೆ, ಇಲಿ, ಬಾತುಮರಿ ಏನನ್ನಾದರೂ ನುಂಗುವ ಮೀನೆಂದರೆ ಮರ್ರೆ ಕಾಡ್. 1902ರಲ್ಲಿ ಬಾರ್ವನ್ ನದಿಯಲ್ಲಿ ಸಿಕ್ಕ ಒಂದು 113 ಕಿಲೋ ತೂಗಿತೆಂದು ದಾಖಲೆ. ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆಯವರೆಗೆ ಅದರ ಮೊಟ್ಟೆಯಿಡುವ ಕಾಲ, ಮುಟ್ಟುವಂತಿಲ್ಲ. ಡಿಸೆಂಬರ್ 1ಕ್ಕೆ ನದಿಗಳು ತೆರೆಯುತ್ತವೆ. ಸಿಕ್ಕರೂ 55 ಸೆಂಟಿಮೀಟರ್‌ಗಿಂತ ಚಿಕ್ಕದನ್ನೂ 75ಕ್ಕಿಂತ ದೊಡ್ಡದನ್ನೂ ವಾಪಸು ಬಿಡಬೇಕು. ದೊಡ್ಡದನ್ನು ಬಿಡುವುದೇ ಇಲ್ಲಿನ ನಿಯಮ ಎಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಆದರೆ ಹೆಚ್ಚು ಮೊಟ್ಟೆಯಿಡುವುದು ದೊಡ್ಡ ಹೆಣ್ಣೇ.

ಜಾಗ ಮುಲ್ವಾಲಾ ಕೆರೆ ಎಂದು ಗೊತ್ತಾಯಿತು. 1939ರಲ್ಲಿ ಮರ್ರೆ ನದಿಗೆ ಯಾರಾವೊಂಗಾದಲ್ಲಿ ಅಣೆ ಕಟ್ಟಿದಾಗ ಮುಳುಗಿದ ಮರಗಳು ಇನ್ನೂ ಒಣಗಿ ನಿಂತಿವೆ, ನಡುವೆ ಸೊಪ್ಪು. ಕಾರಿನಲ್ಲಿ ಮೂರು ಮೂರೂವರೆ ಗಂಟೆ ದಾರಿ. ಒಂದು ಸೂಕ್ಷ್ಮ: ನಾವು ವಿಕ್ಟೋರಿಯಾದವರು, ಆದರೆ ಆ ನೀರಿನಲ್ಲಿ ಮೀನು ಹಿಡಿಯಲು ನ್ಯೂ ಸೌತ್ ವೇಲ್ಸಿನ ನಿಯಮ. ಗಡಿಯ ನೀರಿನ ಲೆಕ್ಕ ಮಂಡ್ಯದವನಿಗೆ ಯಾರೂ ವಿವರಿಸಬೇಕಾಗಿಲ್ಲ.

ರಬ್ಬರ್ ಕಪ್ಪೆ ಬಿಟ್ಟು ನಿಜವಾದ ಕಪ್ಪೆ ಹಾಕಬಹುದಾ ಎಂದು ಹುಡುಗ ಒಮ್ಮೆ ಕೇಳಿದ. ಗದರಿಸಿದೆ. ನಮ್ಮ ವಿಂಡಮ್ ಸುತ್ತಿನ ತೊರೆಗಳಲ್ಲಿ ಗ್ರೌಲಿಂಗ್ ಗ್ರಾಸ್ ಫ್ರಾಗ್ ಎಂಬ ಗುರುಗುಡುವ ಹಸಿರು ಕಪ್ಪೆ ಇದೆ, ಅಳಿವಿನ ಭೀತಿಯಲ್ಲಿರುವುದು. ಅದರ ಹೊಂಡಗಳಿಗಾಗಿ ಬಡಾವಣೆ ಕಟ್ಟುವವರೇ ಜಾಗ ಬಿಡಬೇಕಾಗುತ್ತದೆ. ನೂರಾರು ಮನೆಗಳ ನಕ್ಷೆ ಬದಲಿಸುವ ಪ್ರಾಣಿಯನ್ನು ಕೊಕ್ಕೆಗೆ ಸಿಗಿಸುವುದೆ? ತಾತ ಇದನ್ನು ಕೇಳಿದ್ದರೆ ಬೀಡಿ ಕೆಳಗೆ ಹಾಕಿ ನಗುತ್ತಿದ್ದರು.

ಹೊರಡುವ ಮುಂಚಿನ ಭಾನುವಾರ ಪಕ್ಕದ ಮೈದಾನದಲ್ಲಿ ಎಸೆತದ ಅಭ್ಯಾಸ. ಕಪ್ಪೆಯ ಎರಡೂ ಕೊಕ್ಕೆಗಳನ್ನು ಇಕ್ಕಳದಲ್ಲಿ ಕತ್ತರಿಸಿದ್ದೆ. ಹುಲ್ಲಿನ ಮೇಲೆ ಎಳೆದರೂ ಕಪ್ಪೆ ಚೆನ್ನಾಗಿಯೇ ಕುಪ್ಪಳಿಸುತ್ತದೆ. ಒಂದೇ ಪಾಠ ಹೇಳಿದ್ದೆ: ನೀರು ಸಿಡಿದದ್ದು ಕಂಡ ತಕ್ಷಣ ಜಗ್ಗಬೇಡ, ಮೀನು ಬಾಯಿ ಮುಚ್ಚಲಿ, ಒಂದು ಎರಡು ಅಂತ ಎಣಿಸಿ ಆಮೇಲೆ ಬುಡದಿಂದ ಎತ್ತು. ಕೋಲನ್ನು ಮಾತ್ರ ನೆಟ್ಟಗೆ ಆಕಾಶಕ್ಕೆ ನಿಲ್ಲಿಸಬೇಡ, ತುದಿ ಮುರಿಯುವುದು ಆಗಲೇ. ಹುಡುಗ ತಲೆಯಾಡಿಸಿದ. ಹತ್ತನೇ ಎಸೆತಕ್ಕೆ ಕಪ್ಪೆ ಚೆನ್ನಾಗಿ ದೂರ ಹೋಗಿ ಬಿತ್ತು. ಎಡಕ್ಕೆ, ಬಲಕ್ಕೆ, ಎಡಕ್ಕೆ ತಿರುಗುತ್ತ ಬರುತ್ತಿತ್ತು.

ಅಷ್ಟರಲ್ಲಿ ಮೈದಾನದ ಆ ತುದಿಯಿಂದ ಒಂದು ಕಂದು ಲ್ಯಾಬ್ರಡಾರ್ ಓಡಿ ಬಂದು ಕಪ್ಪೆಯನ್ನು ಗಬಕ್ಕನೆ ಕಚ್ಚಿತು. ಹುಡುಗ ಒಂದೂ ಎಣಿಸಲಿಲ್ಲ, ಎರಡೂ ಎಣಿಸಲಿಲ್ಲ, ಗಾಬರಿಯಲ್ಲಿ ಒಮ್ಮೆಲೇ ಜಗ್ಗಿದ. ಕಪ್ಪೆ ನಾಯಿಯ ಬಾಯಿಂದ ಚಿಮ್ಮಿ ನನ್ನ ಎದೆಗೆ ಬಂದು ಬಡಿಯಿತು. ನಾಯಿ ನಮ್ಮಿಬ್ಬರನ್ನೂ ನೋಡುತ್ತ ನಿಂತಿತು. "ಸಾರಿ, ಸಾರಿ" ಎನ್ನುತ್ತ ಅದರ ಯಜಮಾನಿ ಏದುಸಿರು ಬಿಡುತ್ತ ಬರುತ್ತಿದ್ದಳು. ನಾನು ನೆಲದಿಂದ ಕಪ್ಪೆಯನ್ನೆತ್ತಿ, ಜೊಲ್ಲು ಒರೆಸಿ, ಹೊಟ್ಟೆ ಒತ್ತಿ ನೋಡಿದೆ. ಹರಿದಿರಲಿಲ್ಲ. "ಇನ್ನೊಂದ್ಸಲ ಎಸಿ," ಅಂದೆ. ಹುಡುಗ ಮೊದಲು ನಾಯಿಯನ್ನು ನೋಡಿದ.