ಸುಳ್ಳು ಚೀಟಿ

ಅಮೆರಿಕದ ವರ್ಜೀನಿಯಾದಲ್ಲಿ ಫಾರ್ಮ್‌ವಿಲ್ ಎಂಬ ಸಣ್ಣ ಊರು. ಅಲ್ಲಿ ಕಪ್ಪು ಮಕ್ಕಳಿಗೆಂದೇ ಇದ್ದ ಮೋಟನ್ ಹೈಸ್ಕೂಲಿನ ಹೆಡ್‌ಮಾಸ್ಟರ್ ಬಾಯ್ಡ್ ಜೋನ್ಸ್ ಅವರಿಗೆ 1951ರ ಏಪ್ರಿಲ್ 23ರಂದು ಒಂದು ಫೋನ್ ಬಂತು. ನಿಮ್ಮ ಹುಡುಗರು ಬಸ್ ನಿಲ್ದಾಣದಲ್ಲಿದ್ದಾರೆ, ಪೊಲೀಸರು ಹಿಡಿಯುತ್ತಾರೆ, ಬೇಗ ಬನ್ನಿ ಅಂತ. ಅವರು ಓಡಿದರು. ಬೆನ್ನ ಹಿಂದೆಯೇ ತರಗತಿಗಳಿಗೆ ಚೀಟಿ ಹೋಯಿತು: ಎಲ್ಲರೂ ಸಭಾಂಗಣಕ್ಕೆ ಬನ್ನಿ. ಕೆಳಗೆ ‘ಜೆ’ ಎಂಬ ಒಂದೇ ಅಕ್ಷರದ ಸಹಿ. ಫೋನೂ ಸುಳ್ಳು, ಸಹಿಯೂ ಸುಳ್ಳು. ಪರದೆ ಸರಿದಾಗ ವೇದಿಕೆಯ ಮೇಲೆ ನಿಂತಿದ್ದವಳು 16 ವರ್ಷದ ಬಾರ್ಬರಾ ಜಾನ್ಸ್.

ಅವಳು ಹೇಳಿದ್ದು ಎದುರಿಗೆ ಕೂತವರು ದಿನವೂ ಉಂಡ ಕಷ್ಟವನ್ನೇ. 180 ಮಕ್ಕಳಿಗೆ ಕಟ್ಟಿದ ಶಾಲೆಯಲ್ಲಿ 450 ಮಕ್ಕಳು. ಜಾಗ ಸಾಲದೆ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳು. ಮಳೆ ಬಂದರೆ ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯ ಪಕ್ಕ ಕೂತವನು ಬೇಯುತ್ತಿದ್ದ, ಮೂಲೆಯಲ್ಲಿದ್ದವನು ಕೋಟು ಬಿಚ್ಚುತ್ತಿರಲಿಲ್ಲ. ಅಂದು ಮಕ್ಕಳೆಲ್ಲ ಶಾಲೆ ಬಿಟ್ಟು ಹೊರಬಂದರು.

ಆ ಸುಳ್ಳು ನನ್ನನ್ನು ಬಹಳ ದಿನ ಕಾಡಿದೆ. ಗುರುಗಳ ಹತ್ತಿರ ಸುಳ್ಳಾಡಬಾರದೆಂದು ಕಲಿತು ಬೆಳೆದವರು ನಾವು. ಹಿರಿಯರೇನೂ ಸುಮ್ಮನಿರಲಿಲ್ಲ, ಹೆಡ್‌ಮಾಸ್ಟರೂ ಹೆತ್ತವರೂ ಶಾಲಾ ಮಂಡಳಿಗೆ ಎಡತಾಕಿ ಎಡತಾಕಿ ಸೋತಿದ್ದರು. ಜೋನ್ಸ್ ಅಲ್ಲೇ ಇದ್ದಿದ್ದರೆ ಮಕ್ಕಳನ್ನು ತಡೆಯಬೇಕಿತ್ತು, ಇಲ್ಲವೇ ಜೊತೆ ನಿಂತು ಅನ್ನ ಕಳೆದುಕೊಳ್ಳಬೇಕಿತ್ತು. ಎರಡರಿಂದಲೂ ಅವರನ್ನು ಪಾರುಮಾಡುವ ಸುಳ್ಳು ಅದೆಂದು ನನಗೆ ಕಾಣುತ್ತದೆ. ಆದರೂ ಅವರ ಕೆಲಸ ಹೋಯಿತು. ಆ ಪಾಪವನ್ನು ಕೆಲಸ ಕಿತ್ತವರ ಲೆಕ್ಕಕ್ಕೇ ಬರೆಯುತ್ತೇನೆ.

ಮಕ್ಕಳು ಕೇಳಿದ್ದು ಒಂದು ಒಳ್ಳೆಯ ಕಟ್ಟಡ. ಅವರು ನೆರವು ಕೇಳಿದ ವಕೀಲರಾದ ಆಲಿವರ್ ಹಿಲ್, ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರ ಷರತ್ತು ದೊಡ್ಡದಿತ್ತು: ಬಿಳಿಯರ ಶಾಲೆ, ಕರಿಯರ ಶಾಲೆ ಎಂಬ ಭೇದವೇ ಹೋಗಲಿ ಎನ್ನುವುದಾದರೆ ವಕಾಲತ್ತು ಹಾಕುತ್ತೇವೆ. ಮಕ್ಕಳು ಒಪ್ಪಿದರು, ಹೆತ್ತವರೂ ಒಪ್ಪಿದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿನ ಐದು ಪ್ರಕರಣಗಳಲ್ಲಿ ಇವರದೂ ಒಂದು.

ಮುಂದಿನದನ್ನು ಹೇಳಲು ಸಂಕಟವಾಗುತ್ತದೆ. ಎರಡೂ ಬಣ್ಣದ ಮಕ್ಕಳನ್ನು ಒಟ್ಟಿಗೆ ಕೂರಿಸಲು ಮನಸ್ಸಿಲ್ಲದೆ, ಆ ಊರಿದ್ದ ಕೌಂಟಿಯ, ಅಂದರೆ ಜಿಲ್ಲೆಯ, ಆಡಳಿತ 1959ರಲ್ಲಿ ಸರ್ಕಾರಿ ಶಾಲೆಗಳಿಗೆಲ್ಲ ಬೀಗ ಜಡಿಯಿತು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಕೆಲವರನ್ನು ದೂರದ ನೆಂಟರ ಮನೆಗೆ ಕಳಿಸಿದರು, ಕೆಲವರು ಚರ್ಚುಗಳಲ್ಲಿ ಒಂದಿಷ್ಟು ಅಕ್ಷರ ತಿದ್ದಿದರು, ಎಷ್ಟೋ ಮಂದಿಗೆ ಓದೇ ತಪ್ಪಿಹೋಯಿತು. ಸುಪ್ರೀಂ ಕೋರ್ಟ್ ಮತ್ತೊಮ್ಮೆ ಆದೇಶಿಸಿದ ಮೇಲೆ, 1964ರಲ್ಲಿ, ಸರ್ಕಾರಿ ಶಾಲೆಗಳ ಬಾಗಿಲು ತೆರೆದವು. ಬೀಗ ಬಿದ್ದಾಗ ಆರು ವರ್ಷವಿದ್ದ ಮಗುವಿಗೆ ಅಷ್ಟರಲ್ಲಿ ಹನ್ನೊಂದು ತುಂಬಿತ್ತು.