ಚರ್ಚಾ ಸ್ಪರ್ಧೆಯ ಚೀಟಿ ಮತ್ತು ಸತ್ಯದ ಪ್ರಶ್ನೆ

ಕರಾವಳಿಯ ಒಂದು ಪ್ರೌಢಶಾಲೆ. ಚರ್ಚಾ ಸ್ಪರ್ಧೆಗೆ ವಿಷಯ ಪ್ರಕಟವಾಗಿತ್ತು: 'ರಾಜ್ಯದಲ್ಲಿ ಸಂಪೂರ್ಣ ಪಾನನಿಷೇಧ ಜಾರಿಯಾಗಬೇಕು.' ಯಾರು ಪರ, ಯಾರು ವಿರೋಧ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಯಿತು. ನಮ್ಮ ಪರಿಚಯದ ಒಂಭತ್ತನೇ ತರಗತಿಯ ಹುಡುಗಿಯೊಬ್ಬಳ ಕೈಗೆ ಬಂದದ್ದು 'ವಿರೋಧ'ದ ಚೀಟಿ. ಮನೆಗೆ ಬಂದವಳು ಪುಸ್ತಕದ ಚೀಲ ಇಳಿಸುವ ಮೊದಲೇ ಕೇಳಿದಳು: "ಉಮ್ಮಾ, ಕುಡಿತ ಹರಾಮ್ ಅಂತ ಮದ್ರಸದಲ್ಲಿ ಕಲಿತವಳು ನಾನು. ಪಾನನಿಷೇಧ ಬೇಡ ಅಂತ ವೇದಿಕೆ ಹತ್ತಿ ಹೇಗೆ ಹೇಳಲಿ?"

ಟೀಚರ ಹತ್ತಿರ ಹೋಗಿ ಚೀಟಿ ಬದಲಿಸಿ ಕೊಡಲು ಕೇಳೋಣ ಎಂದರು ತಾಯಿ. "ಅದು ಬರೀ ಸ್ಪರ್ಧೆಯಲ್ವಾ? ನಾನು ಬರೆದು ಕೊಡ್ತೇನೆ, ಬಾಯಿಪಾಠ ಮಾಡಿ ಹೇಳಿ ಬಾ" ಎಂದರು ತಂದೆ.

ಈ ಎರಡು ಉತ್ತರಗಳೂ ನಮಗೆ ಸಮಾಧಾನ ತರಲಿಲ್ಲ. ತಾಯಿ ಮಗಳನ್ನು ಪ್ರಶ್ನೆಯಿಂದ ಪಾರು ಮಾಡಲು ನೋಡಿದರು. ತಂದೆ ಅಂಥ ಪ್ರಶ್ನೆಯೇ ಇಲ್ಲವೆಂದರು. ಆದರೆ ಪ್ರಶ್ನೆ ಇದೆ, ಮತ್ತು ಅದನ್ನು ಹದಿನಾಲ್ಕರ ಹುಡುಗಿಯೊಬ್ಬಳು ಕೇಳಿದಳೆಂಬುದು ಸಂತೋಷದ ಸಂಗತಿ. ತಾನು ನಂಬದ ಮಾತನ್ನು ನಂಬಿದವರಂತೆ ಸಭೆಯ ಮುಂದೆ ಮಂಡಿಸುವುದು ಸುಳ್ಳಲ್ಲವೇ?

ಈ ಪ್ರಶ್ನೆ ಹೊಸತಲ್ಲ. ಅಮೇರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್, 1913ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ, ಕಾಲೇಜಿನಲ್ಲಿ ತಾನು ಇಂಥ ಚರ್ಚೆಗಳನ್ನು ಅಭ್ಯಾಸ ಮಾಡದಿದ್ದುದೇ ಒಳ್ಳೆಯದಾಯಿತು ಎಂದು ಬರೆದಿದ್ದಾರೆ. ನಂಬಿಕೆಯನ್ನು ಲೆಕ್ಕಿಸದೆ ಪಕ್ಷ ಹಂಚುವ ಪದ್ಧತಿ ಅವರಿಗೆ ಹಿಡಿಸಿರಲಿಲ್ಲ. 1954ರಲ್ಲಿ ಅದೇ ದೇಶದ ಕಾಲೇಜುಗಳ ರಾಷ್ಟ್ರೀಯ ಚರ್ಚೆಗೆ, ಚೀನಾದ ಕಮ್ಯುನಿಸ್ಟ್ ಸರಕಾರಕ್ಕೆ ರಾಜತಾಂತ್ರಿಕ ಮಾನ್ಯತೆ ನೀಡಬೇಕೆಂಬ ವಿಷಯವನ್ನು ಆರಿಸಲಾಯಿತು. ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿ ಮತ್ತು ಅನ್ನಾಪೊಲಿಸ್‌ನ ನೌಕಾ ಅಕಾಡೆಮಿಗಳು ತಮ್ಮ ವಿದ್ಯಾರ್ಥಿಗಳು ಅದರಲ್ಲಿ ಪಾಲ್ಗೊಳ್ಳದಂತೆ ತಡೆದವು. ಈ ವಿವಾದದ ಬೆನ್ನಿಗೆ 1957ರಲ್ಲಿ ರಿಚರ್ಡ್ ಮರ್ಫಿ ಎಂಬ ಪ್ರಾಧ್ಯಾಪಕರು, ಸಭೆಯಲ್ಲಿ ಆಡಿದ ಮಾತಿಗೆ ಆಡಿದವನು ಬದ್ಧನಾಗಿರಬೇಕು, ಆದ್ದರಿಂದ ಒಬ್ಬನೇ ವಿದ್ಯಾರ್ಥಿ ಎರಡೂ ಪಕ್ಷಗಳಲ್ಲಿ ವಾದಿಸುವುದು ನೈತಿಕವಲ್ಲ ಎಂದು ಬರೆದರು.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೃದಯದಲ್ಲಿ ಇಲ್ಲದ್ದನ್ನು ನಾಲಗೆಯಲ್ಲಿ ಆಡುವವರನ್ನು ಕುರ್‌ಆನ್ ಕಟುವಾಗಿ ಟೀಕಿಸಿದೆ. ಹುಡುಗಿಯ ಅಳುಕಿನ ಮೂಲವೂ ಅದುವೇ.

ಆದರೆ ಸುಳ್ಳು ಎಂದರೇನು? ಕೇಳುವವನನ್ನು ವಂಚಿಸುವ ಉದ್ದೇಶದಿಂದ ಆಡುವ ಮಾತು ಸುಳ್ಳು. ಕಪಟಿಯು ತನ್ನ ಮನಸ್ಸಿನಲ್ಲಿ ಬೇರೇನೋ ಇದೆ ಎಂಬುದನ್ನು ಮುಚ್ಚಿಡುತ್ತಾನೆ. ಚರ್ಚಾ ಸ್ಪರ್ಧೆಯಲ್ಲಿ ಮುಚ್ಚಿಡುವಂಥದ್ದು ಏನಿದೆ? ಚೀಟಿ ಎತ್ತಿದ್ದು ಎಲ್ಲರಿಗೂ ಗೊತ್ತು. 'ಇದು ನನ್ನ ವಿಶ್ವಾಸ' ಎಂದು ಅವಳು ಸಾರುತ್ತಿಲ್ಲ. 'ಈ ಪಕ್ಷಕ್ಕೆ ಹೇಳಲಿಕ್ಕಿರುವುದು ಇಷ್ಟು, ತೂಗಿ ನೋಡಿ' ಎನ್ನುತ್ತಿದ್ದಾಳೆ.

ನಮ್ಮ ಪರಂಪರೆಯಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಇದೆ. ಇಮಾಮ್ ಗಝ್ಝಾಲಿಯವರು ತತ್ವಜ್ಞಾನಿಗಳನ್ನು ಖಂಡಿಸಲು ಹೊರಟಾಗ, ಅವರ ವಿಚಾರಗಳನ್ನು ವಿವರಿಸಲಿಕ್ಕೆಂದೇ 'ಮಕಾಸಿದುಲ್ ಫಲಾಸಿಫ' ಎಂಬ ಪ್ರತ್ಯೇಕ ಕೃತಿ ರಚಿಸಿದರು. ಖಂಡನೆಯನ್ನು ಮತ್ತೊಂದು ಗ್ರಂಥಕ್ಕೆ ಮೀಸಲಿಟ್ಟರು. ಮೊದಲನೆಯದರಲ್ಲಿ ಎದುರು ಪಕ್ಷದ ನಿರೂಪಣೆ ಎಷ್ಟು ನ್ಯಾಯವಾಗಿತ್ತೆಂದರೆ, ಮುನ್ನುಡಿಯಿಲ್ಲದ ಲ್ಯಾಟಿನ್ ಅನುವಾದವನ್ನು ಓದಿದ ಮಧ್ಯಯುಗದ ಯುರೋಪಿನ ಅನೇಕ ವಿದ್ವಾಂಸರು ಗಝ್ಝಾಲಿಯವರೂ ಆ ತತ್ವಜ್ಞಾನಿಗಳಲ್ಲಿ ಒಬ್ಬರೆಂದೇ ಭಾವಿಸಿದರು. ಭಾರತೀಯ ಶಾಸ್ತ್ರಗ್ರಂಥಗಳಲ್ಲೂ ಮೊದಲು ಪೂರ್ವಪಕ್ಷ, ಅನಂತರ ಸಿದ್ಧಾಂತ. ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ಹೇಳಲಾರದವನಿಗೆ ಅದನ್ನು ಖಂಡಿಸುವ ಅರ್ಹತೆ ಎಲ್ಲಿಂದ ಬರಬೇಕು?

ಹಾಗಾದರೆ ಚರ್ಚಾ ಸ್ಪರ್ಧೆಗಳಲ್ಲಿ ಸುಳ್ಳೇ ಇಲ್ಲವೆಂದೇ? ಧಾರಾಳವಾಗಿದೆ. ಆದರೆ ನಾವು ಹುಡುಕುವ ಜಾಗದಲ್ಲಿ ಇಲ್ಲ, ಅಷ್ಟೆ. ಚೀಟಿಯಲ್ಲಿ ಬಂದ ಪಕ್ಷದಲ್ಲಿ ಸುಳ್ಳಿಲ್ಲ. 'ಒಂದು ಸಮೀಕ್ಷೆಯ ಪ್ರಕಾರ ಶೇ. 80ರಷ್ಟು ಮಂದಿ' ಎಂದು ಎಲ್ಲೂ ಇಲ್ಲದ ಸಮೀಕ್ಷೆಯನ್ನು ಸೃಷ್ಟಿಸುವಲ್ಲಿ ಅದಿದೆ. ಎದುರಾಳಿ ಹೇಳದ ಮಾತನ್ನು ಅವನ ಬಾಯಿಗೆ ತುರುಕಿ, ಅದಕ್ಕೆ ಉತ್ತರ ಕೊಟ್ಟು ಚಪ್ಪಾಳೆ ಗಿಟ್ಟಿಸುವಲ್ಲಿ ಇದೆ. ಗೊತ್ತಿರುವ ಸಂಗತಿಯನ್ನು ಇಲ್ಲವೆನ್ನುವಲ್ಲಿ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ತಂದೆಯೋ ಮಾಸ್ತರರೋ ಬರೆದು ಕೊಟ್ಟದ್ದನ್ನು ಮಗು ತನ್ನ ಚಿಂತನೆಯೆಂಬಂತೆ ಒಪ್ಪಿಸುವಲ್ಲಿ ಇದೆ. ಇಲ್ಲಿ ಮಾತ್ರ ಸಭೆಗೆ ನಿಜ ಗೊತ್ತಿರುವುದಿಲ್ಲ. ನಮ್ಮ ಎಷ್ಟೋ ಸ್ಪರ್ಧೆಗಳಲ್ಲಿ 'ಮಾನ್ಯ ತೀರ್ಪುಗಾರರೇ, ಗುರುಗಳೇ, ನನ್ನ ಸಹಪಾಠಿಗಳೇ' ಎಂಬುದರಿಂದ ಹಿಡಿದು ಕೊನೆಯ ವಂದನೆಯ ತನಕ ಮಗುವಿನದ್ದಾಗಿ ಇರುವುದು ಧ್ವನಿಯೊಂದೇ. ಮಗಳು ಸುಳ್ಳು ಹೇಳಬೇಕಾದೀತು ಎಂದು ಚಿಂತಿಸಿದ ಆ ಮನೆಯಲ್ಲಿ, ತಂದೆಯ ಕೊಡುಗೆಯಲ್ಲೇ ನಿಜವಾದ ಸುಳ್ಳು ಇತ್ತು.

ಒಂದು ಪ್ರಸಿದ್ಧ ಹದೀಸ್ ಇಲ್ಲಿ ನೆನಪಾಗುತ್ತದೆ. ವ್ಯಾಜ್ಯ ತಂದವರೊಡನೆ ಪ್ರವಾದಿ ಮುಹಮ್ಮದರು(ಸ), ನಿಮ್ಮಲ್ಲೊಬ್ಬನು ಇನ್ನೊಬ್ಬನಿಗಿಂತ ವಾದದಲ್ಲಿ ಚತುರನಾಗಿರಬಹುದು, ಕೇಳಿದ್ದರ ಆಧಾರದಲ್ಲಿ ನಾನು ಅವನ ಪರ ತೀರ್ಪು ಕೊಟ್ಟರೂ ಅದು ಸಹೋದರನ ಹಕ್ಕಾಗಿದ್ದರೆ ಅವನು ಪಡೆದದ್ದು ಬೆಂಕಿಯ ತುಂಡು ಎಂದು ಎಚ್ಚರಿಸಿದರು. ಚೆನ್ನಾಗಿ ಮಾತಾಡಿದವನ ಕಡೆಗೇ ಸತ್ಯ ಇರಬೇಕೆಂದಿಲ್ಲ ಎಂಬುದನ್ನು ಚರ್ಚಾಪಟುವಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಕೊನೆಗೆ ಚೀಟಿ ಬದಲಾಗಲಿಲ್ಲ, ಭಾಷಣವನ್ನು ಬೇರೆಯವರು ಬರೆದು ಕೊಡಲೂ ಇಲ್ಲ. ಮೊದಲು ಎದುರು ಪಕ್ಷದ ವಾದಗಳನ್ನೇ ಬರೆ ಎಂದು ನಾವು ಹುಡುಗಿಗೆ ಹೇಳಿದೆವು. ಅಮೇರಿಕದ ನಾರ್ಫೋಕ್ ಜೈಲಿನಲ್ಲಿ ಕೈದಿಯಾಗಿದ್ದಾಗ ಚರ್ಚೆ ಕಲಿತ ಮಾಲ್ಕಮ್ ಎಕ್ಸ್ ಅವರ ಕ್ರಮವೂ ಇದೇ ಆಗಿತ್ತು. ತನಗೆ ಸಿಕ್ಕಿದ ಪಕ್ಷ ಯಾವುದೇ ಇರಲಿ, ಎದುರಾಳಿಯ ಜಾಗದಲ್ಲಿ ನಿಂತು, ತಾನಾಗಿದ್ದರೆ ಹೇಗೆ ಗೆಲ್ಲುತ್ತಿದ್ದೆ ಎಂದು ಅವರು ಮೊದಲು ಯೋಚಿಸುತ್ತಿದ್ದರು.

ಅವಳು ಬರೆದಳು. ಸಂವಿಧಾನದ 47ನೇ ವಿಧಿಯು ಪಾನನಿಷೇಧದತ್ತ ಶ್ರಮಿಸಲು ಸರಕಾರಕ್ಕೆ ನಿರ್ದೇಶನ ನೀಡಿದೆ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಬಡ ಹೆಂಗಸರು ಸಾರಾಯಿಯ ವಿರುದ್ಧ ಎದ್ದು ನಿಂತರು. ಆ ಚಳವಳಿ 1995ರಲ್ಲಿ ಇಡೀ ರಾಜ್ಯದ ಪಾನನಿಷೇಧಕ್ಕೆ ದಾರಿಯಾಯಿತು. 2007ರಲ್ಲಿ ಕರ್ನಾಟಕದಲ್ಲೂ ಸಾರಾಯಿ ನಿಷೇಧವಾಯಿತು. ಕುಡುಕನ ಮನೆಯಲ್ಲಿ ಮಕ್ಕಳ ಅನ್ನ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಕ್ಕದ ಮನೆಯಲ್ಲೇ ನೋಡಿದ್ದಳು.

ಬಳಿಕ ತನ್ನ ಪಕ್ಷ. ಆಂಧ್ರದಲ್ಲಿ ಆ ನಿಷೇಧ 1997ರಲ್ಲೇ ಸಡಿಲವಾಯಿತು. ಅಮೇರಿಕದಲ್ಲಿ 1920ರಿಂದ 1933ರ ತನಕ ನಿಷೇಧವಿದ್ದಾಗ ಕಳ್ಳ ವ್ಯಾಪಾರಿಗಳು ಕೊಬ್ಬಿದರು. ಹುಟ್ಟಿದಂದಿನಿಂದಲೇ ಪಾನನಿಷೇಧವಿರುವ ಗುಜರಾತಿನ ಅಹ್ಮದಾಬಾದಿನಲ್ಲಿ 2009ರಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಮಂದಿ ಬಲಿಯಾದರು. 2016ರಲ್ಲಿ ನಿಷೇಧ ಜಾರಿಯಾದ ಬಿಹಾರದ ಸಾರಣ್ ಜಿಲ್ಲೆಯಲ್ಲಿ 2022ರ ಡಿಸೆಂಬರಿನಲ್ಲಿ ಅದೇ ಕಥೆ ಮರುಕಳಿಸಿತು. ಸತ್ತವರಲ್ಲಿ ಹೆಚ್ಚಿನವರು ಬಡವರು.

ಇಷ್ಟಾಗುವಾಗ ಅವಳಿಗೆ ಒಂದು ವಿಷಯ ಹೊಳೆಯಿತು. 'ಕುಡಿತ ಕೆಟ್ಟದ್ದೇ?' ಎಂಬುದು ಒಂದು ಪ್ರಶ್ನೆ. 'ಇಂದೇ ಕಾನೂನು ತಂದರೆ ಕುಡಿತ ನಿಲ್ಲುತ್ತದೆಯೇ?' ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಚೀಟಿ ಕೇಳಿದ್ದು ಎರಡನೆಯದನ್ನು. ಮದ್ರಸದಲ್ಲಿ ಕಲಿತ ಇನ್ನೊಂದು ಪಾಠವೂ ಅವಳಿಗೆ ನೆನಪಾಯಿತು. ಕುರ್‌ಆನ್ ಕೂಡಾ ಮದ್ಯವನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ, ಹಂತ ಹಂತವಾಗಿ ಮನಸ್ಸುಗಳನ್ನು ಸಿದ್ಧಗೊಳಿಸಿತು. ಅಂತಿಮ ಆಜ್ಞೆ ಬಂದಾಗ ಮದೀನಾದ ಜನರು ತಾವೇ ಮದ್ಯವನ್ನು ಬೀದಿಗೆ ಚೆಲ್ಲಿದರು. ಇದನ್ನು ಅವಳು ತನ್ನ ಭಾಷಣದಲ್ಲಿ ಸೇರಿಸಿದಳು. ಹಂತ ಹಂತವಾಗಿಯಾದರೂ ಕೊನೆಗೆ ನಿಷೇಧ ಬಂತಲ್ಲವೇ ಎಂದು ಎದುರಿನವರು ಕೇಳಬಹುದೆಂದು ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಳು.

ಸಭೆಯಲ್ಲಿ ಅದೇ ಪ್ರಶ್ನೆ ಬಂತು. "ಹೌದು, ಬಂತು. ಮನಸ್ಸುಗಳು ಸಿದ್ಧವಾದ ಮೇಲೆ ಇಲ್ಲಿಯೂ ಬರಲಿ" ಎಂದಳು. ಅವಳಿಗೆ ಬಹುಮಾನ ಸಿಗಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ನಾವೂ ಒಂದು ಪಕ್ಷದ ಮಾತನ್ನಷ್ಟೇ ಹೇಳಿದಂತಾದೀತು. ಈ ಅಭ್ಯಾಸದಲ್ಲಿ ಅಪಾಯವಿದೆ. ವರ್ಷಗಟ್ಟಲೆ ಯಾವ ಪಕ್ಷಕ್ಕೂ ಸಲೀಸಾಗಿ ಮಾತಾಡಿದವನಿಗೆ, ಯಾವುದು ಸತ್ಯವಾದರೇನು ಎಂಬ ಉಡಾಫೆ ಬಂದು ಬಿಡಬಹುದು. ವಾದದಲ್ಲಿ ಸರಿಸಾಟಿಯಿಲ್ಲದ ಗಝ್ಝಾಲಿಯವರು 1095ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸದ ಉನ್ನತ ಹುದ್ದೆಯನ್ನು ತೊರೆದು ಹೋದರು. ಮುಂದೆ ತನ್ನ 'ಇಹ್ಯಾ'ದಲ್ಲಿ, ಗೆಲ್ಲಲಿಕ್ಕಾಗಿ ನಡೆಯುವ ವಾದದಿಂದ ಅಸೂಯೆ, ಅಹಂಕಾರ, ಎದುರಾಳಿಯ ದೋಷ ಹುಡುಕುವ ಚಟ ಹೇಗೆ ಹುಟ್ಟುತ್ತವೆಂದು ವಿವರವಾಗಿ ಬರೆದರು. ನ್ಯಾಯಶಾಸ್ತ್ರದವರು ಸತ್ಯಕ್ಕಾಗಿ ಮಾಡುವುದನ್ನು ವಾದವೆಂದೂ, ಗೆಲುವಿಗಾಗಿ ಮಾಡುವುದನ್ನು ಜಲ್ಪವೆಂದೂ, ತನ್ನದೇನನ್ನೂ ಮಂಡಿಸದೆ ಬರೀ ಇನ್ನೊಬ್ಬರದ್ದನ್ನು ಕೆಡಹುವುದನ್ನು ವಿತಂಡವೆಂದೂ ಬೇರ್ಪಡಿಸಿದರು. ಟಿ.ವಿ. ಚರ್ಚೆಗಳನ್ನು ನೋಡುವವರಿಗೆ ಮೂರನೆಯದರ ಪರಿಚಯ ಮಾಡಿಕೊಡಬೇಕಿಲ್ಲ.

ಆದ್ದರಿಂದ ಶಿಕ್ಷಕರಲ್ಲಿ ನಮ್ಮದೊಂದು ವಿನಂತಿ. ನೀತಿ, ಕಾನೂನು, ಯೋಜನೆಗಳನ್ನು ವಿಷಯವಾಗಿ ಕೊಡಿ. ಮಗುವೊಂದರ ಧರ್ಮ, ಜಾತಿ, ಉಡುಪು ಅಥವಾ ಘನತೆಯನ್ನು ಚೀಟಿಗೆ ಹಾಕಬೇಡಿ. ಸಹಪಾಠಿಯೊಬ್ಬಳು ತನಗೆ ಸಮಾನಳೇ ಅಲ್ಲವೇ ಎಂಬುದು ಚೀಟಿ ಎತ್ತಿ ತೀರ್ಮಾನಿಸುವ ಸಂಗತಿಯಲ್ಲ. ಅಂಥ ವಿಷಯ ಬಂದರೆ 'ನಾನು ಇದನ್ನು ವಾದಿಸಲಾರೆ' ಎನ್ನುವ ಹಕ್ಕು ಮಗುವಿಗಿರಲಿ. ಅಂಕ ಕೊಡುವಾಗ ಗಂಟಲಿನ ಏರಿಳಿತದಷ್ಟೇ ತೂಕ ಆಧಾರಕ್ಕೂ ಸಿಗಲಿ. 'ಈ ಅಂಕಿಅಂಶ ಎಲ್ಲಿಂದ ತಂದೆ?' ಎಂದು ತೀರ್ಪುಗಾರರು ಒಮ್ಮೆ ಕೇಳಿದರೂ ಸಾಕು, ಅರ್ಧದಷ್ಟು ಸುಳ್ಳು ಮುಂದಿನ ವರ್ಷ ವೇದಿಕೆ ಹತ್ತುವುದಿಲ್ಲ. ಸ್ಪರ್ಧೆ ಮುಗಿದ ಮೇಲೆ ಮಕ್ಕಳನ್ನು ಕೂರಿಸಿ, 'ಚೀಟಿ ಬದಿಗಿಡಿ, ಈಗ ನಿಮಗೆ ಏನನ್ನಿಸುತ್ತದೆ?' ಎಂದು ಕೇಳಿ. ಮರ್ಫಿಯವರು ಎತ್ತಿದ ಆಕ್ಷೇಪಕ್ಕೆ ನಮಗೆ ಕಾಣುವ ಪರಿಹಾರ ಇದು: ಎರಡೂ ಕಡೆಯನ್ನು ಕಲಿತ ಮಗು ಕೊನೆಗೆ ತನ್ನ ನಿಲುವನ್ನೂ ಹೇಳಲೇಬೇಕು.

ಹೆತ್ತವರಿಗೂ ಒಂದು ಮಾತು. ನಮ್ಮ ಬಗ್ಗೆ, ನಮ್ಮ ವಿಶ್ವಾಸದ ಬಗ್ಗೆ ಇತರರು ತಿಳಿಯದೆ ಮಾತಾಡಿದಾಗ ನಮಗೆ ನೋವಾಗುತ್ತದೆ. ನಾವು ಹೇಳದ್ದನ್ನು ನಮ್ಮ ತಲೆಗೆ ಕಟ್ಟಿದಾಗ ಸಿಟ್ಟು ಬರುತ್ತದೆ. ನಮಗೆ ಬೇಕಾದ ನ್ಯಾಯವನ್ನು ಇನ್ನೊಬ್ಬರಿಗೆ ಕೊಡಲು ನಮ್ಮ ಮಕ್ಕಳು ಎಲ್ಲಿ ಕಲಿಯಬೇಕು? ಯಾರೊಂದಿಗೆ ವಾದಿಸುವಾಗಲೂ ಸತ್ಯವು ಎದುರಿನವನ ನಾಲಗೆಯಿಂದ ಪ್ರಕಟವಾದರೂ ಸರಿಯೆಂದು ಇಮಾಮ್ ಶಾಫಿಈಯವರು(ರ) ಬಯಸುತ್ತಿದ್ದರೆಂದು ವರದಿಯಾಗಿದೆ. ಆ ಎತ್ತರ ಒಂಭತ್ತನೇ ತರಗತಿಯಲ್ಲಿ ಸಾಧ್ಯವಿಲ್ಲದಿರಬಹುದು, ಅಭ್ಯಾಸವಂತೂ ಅಲ್ಲಿಂದಲೇ ಶುರುವಾಗಬೇಕು.

ಆ ಹುಡುಗಿಯನ್ನು ನಾವೂ ಕೇಳಿದೆವು, ಈಗ ಏನನ್ನಿಸುತ್ತದೆಂದು. "ಪಾನನಿಷೇಧ ಬೇಕು" ಎಂದಳು ತಕ್ಷಣ. ಸ್ವಲ್ಪ ತಡೆದು, "ಆದರೆ ಕಾನೂನು ಮಾಡಿದ್ರೆ ಮುಗೀತು ಅಂತ ಮೊದಲು ತಿಳ್ಕೊಂಡಿದ್ದೆ. ಮುಗಿಯೋದಿಲ್ಲ" ಎಂದಳು. ತಾಯಿಯ ಮುಖದಲ್ಲಿ ಇನ್ನೂ ಸಣ್ಣ ಆತಂಕವಿತ್ತು. ಮಗಳ ವಿಶ್ವಾಸ ಕದಲಿಲ್ಲ, ಅದಕ್ಕೊಂದು ಹೊಣೆ ಸೇರಿಕೊಂಡಿದೆ ಎಂದು ನಾವು ಅವರಿಗೆ ಹೇಳಿದೆವು. ಅವರು ಒಪ್ಪಿದರೋ ಇಲ್ಲವೋ, ಮುಂದಿನ ವರ್ಷವೂ ಮಗಳು ಸ್ಪರ್ಧೆಗೆ ಹೆಸರು ಕೊಡುವುದಕ್ಕೆ ಬೇಡವೆನ್ನಲಿಲ್ಲ.